ಆಟಿಸಂ ಇರುವ ಮಗು ಸಾಮಾನ್ಯ ಶಾಲೆಗೆ: ಏನು ಕೇಳಬೇಕು, ಹೇಗೆ ಕೇಳಬೇಕು

"ಮಗುವನ್ನು ಶಾಲೆಗೆ ಹೇಗೆ ತಯಾರು ಮಾಡುವುದು?" ಆಟಿಸಂ ಇರುವ ಮಕ್ಕಳ ಅಪ್ಪ-ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಂದೇ ಕಡೆ ಕೂರುವುದನ್ನು ಕಲಿಸುತ್ತಾರೆ, ಮುಖ ನೋಡಿ ಮಾತಾಡುವುದನ್ನು ಕಲಿಸುತ್ತಾರೆ, ಕೈ ಅಲ್ಲಾಡಿಸದೆ ಇರುವುದನ್ನೂ ಕಲಿಸುತ್ತಾರೆ. ಇಷ್ಟೆಲ್ಲ ಆದರೂ ಶಾಲೆ ಶುರುವಾಗಿ ಕೆಲವೇ ವಾರಕ್ಕೆ ಫೋನ್ ಬರುತ್ತದೆ: "ಬಂದು ಕರೆದುಕೊಂಡು ಹೋಗಿ." ತಯಾರಿ ಒಂದೇ ಕಡೆ ನಡೆದಿರುವುದೇ ಇದಕ್ಕೆ ಕಾರಣ. ಮಗು ಬದಲಾಗಿ ಬರಲಿ ಎಂದು ಕಾಯುತ್ತಿದ್ದ ತರಗತಿ ತಾನು ಒಂದು ಕುರ್ಚಿಯನ್ನೂ ಸರಿಸಿರುವುದಿಲ್ಲ.

ಇಲ್ಲಿ ಬರೆದಿರುವುದು ಆ ಇನ್ನರ್ಧ ತಯಾರಿಯ ಬಗ್ಗೆ, ಅಂದರೆ ಶಾಲೆಯನ್ನು ತಯಾರು ಮಾಡುವುದರ ಬಗ್ಗೆ. "ನಮ್ಮ ಮಗುವನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಿ" ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಏನೂ ಆಗುವುದಿಲ್ಲ. "ಬೆಲ್ ಹೊಡೆಯುವ ಎರಡು ನಿಮಿಷ ಮೊದಲು ಮಿಸ್ ಹೆಡ್‌ಫೋನ್ ನೆನಪಿಸಬೇಕು" ಎಂದು ಕೇಳಿ ನೋಡಿ. ಅದು ಆಯಿತೋ ಇಲ್ಲವೋ ಸಂಜೆಗೆ ಗೊತ್ತಾಗುತ್ತದೆ. ಕೆಳಗಿನ ಹಂತಗಳೆಲ್ಲ ಈ ಎರಡನೇ ಬಗೆಯ ಕೋರಿಕೆಯನ್ನು ಮುಟ್ಟುವ ದಾರಿ.

ಏನೇನು ಬೇಕು

ಶಾಲೆ ಶುರುವಾಗುವ ಆರರಿಂದ ಎಂಟು ವಾರ ಮೊದಲೇ ಕೈ ಹಚ್ಚಿ. ಒಂದು ನೋಟ್‌ಬುಕ್, ಕ್ಯಾಮೆರಾ ಇರುವ ಫೋನ್, ಫೋಟೊ ಪ್ರಿಂಟ್ ಹಾಕಿಸುವ ಅನುಕೂಲ, ದಪ್ಪ ರಟ್ಟು, ವೆಲ್ಕ್ರೊ ಪಟ್ಟಿ ಇದ್ದರೆ ಸಾಕು. ದುಬಾರಿ ಕಿಟ್‌ಗಳು ಬೇಕಿಲ್ಲ. ಮಗು ಈಗಾಗಲೇ ಶಾಲೆಗೆ ಹೋಗುತ್ತಿದ್ದರೂ ಇವೇ ಹಂತಗಳು ನಡೆಯುತ್ತವೆ. ಒಂದನೇ ಹಂತದ ಗಮನಿಸುವಿಕೆಯಲ್ಲಿ ಶಾಲೆಯ ದಿನವೂ ಸೇರಿಕೊಳ್ಳುತ್ತದೆ, ಅಷ್ಟೆ.

ಮಾತುಕತೆಯಲ್ಲಿ ಪದೇ ಪದೇ ಬರುವ ಎರಡು ಪದ ತಿಳಿದಿರಲಿ. ಒಂದು, ಒಳಗೊಳ್ಳುವಿಕೆ. ಇರುವ ತರಗತಿಯನ್ನು ಹಾಗೇ ಬಿಟ್ಟು ಅಂಗವೈಕಲ್ಯ ಇರುವ ಮಗುವನ್ನು ಅದರೊಳಗೆ ಕೂರಿಸುವುದು ಬರೀ ಸೇರ್ಪಡೆ. ಪಾಠ, ಜಾಗ, ವೇಳಾಪಟ್ಟಿ, ಪರೀಕ್ಷೆ ಇವುಗಳಲ್ಲಿ ಬೇಕಾದ್ದನ್ನು ಬದಲಿಸಿ ಮಗು ನಿಜಕ್ಕೂ ಪಾಲುಗೊಳ್ಳುವಂತೆ ಮಾಡಿದರೆ ಅದು ಒಳಗೊಳ್ಳುವಿಕೆ. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 24ನೇ ವಿಧಿ ಶಿಕ್ಷಣಕ್ಕೆ ಸಂಬಂಧಿಸಿದ್ದು. ಸೇರ್ಪಡೆಗೂ ಒಳಗೊಳ್ಳುವಿಕೆಗೂ ಇರುವ ಈ ವ್ಯತ್ಯಾಸವನ್ನು ಅದರ ಸಮಿತಿ 2016ರಲ್ಲಿ ಬಿಡಿಸಿ ಹೇಳಿದೆ. ಎರಡನೆಯದು, ಸಮಂಜಸ ಹೊಂದಾಣಿಕೆ. ಒಬ್ಬ ವ್ಯಕ್ತಿಗೆ ಬೇಕಾದ, ಸಂಸ್ಥೆಗೆ ಅತಿಯಾದ ಹೊರೆಯಾಗದ ಬದಲಾವಣೆಗೆ ಆ ಹೆಸರು. ಅದನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಅದೇ ಒಡಂಬಡಿಕೆಯ 2ನೇ ವಿಧಿ ಹೇಳುತ್ತದೆ. ಹಾಗಾಗಿ ನೀವು ಕೇಳುತ್ತಿರುವುದು ಉಪಕಾರವಲ್ಲ. ದನಿಯಲ್ಲಿ ಅದು ಕಾಣಲಿ. ಜಗಳದ ದನಿ ಬೇಡ, ಬೇಡುವ ದನಿಯೂ ಬೇಡ.

ಹಂತ 1: ಎರಡು ವಾರ ಬರೀ ನೋಡಿ, ಬರೆದಿಡಿ

ನೋಟ್‌ಬುಕ್‌ನಲ್ಲಿ ಐದು ಕಾಲಂ ಎಳೆಯಿರಿ: ಸಮಯ ಮತ್ತು ಜಾಗ, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆದಿತ್ತು, ಮಗು ಏನು ಮಾಡಿತು, ಎಷ್ಟು ಹೊತ್ತಿಗೆ ಸಮಾಧಾನವಾಯಿತು, ಯಾವುದು ನೆರವಾಯಿತು. ಕಷ್ಟದ ಗಳಿಗೆಗಳನ್ನಷ್ಟೇ ಬರೆಯಬೇಡಿ. ಮಗು ನಿರಾಳವಾಗಿದ್ದ ಗಳಿಗೆಗಳನ್ನೂ ಬರೆಯಿರಿ, ಶಾಲೆಗೆ ಹೆಚ್ಚು ಉಪಯೋಗಕ್ಕೆ ಬರುವುದು ಅವೇ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಕಂಡದ್ದನ್ನು ಬಿಟ್ಟು ತಮಗೆ ಅನ್ನಿಸಿದ್ದನ್ನು ಬರೆಯುತ್ತಾರೆ. "ಹಠ ಮಾಡಿತು" ಎಂದು ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. "ಮಿಕ್ಸಿ ಹಾಕಿದೆ, ಎರಡು ಕೈಯಿಂದ ಕಿವಿ ಮುಚ್ಚಿತು, ಮಂಚದ ಕೆಳಗೆ ಹೋಯಿತು, ನಿಲ್ಲಿಸಿ ಹತ್ತು ನಿಮಿಷಕ್ಕೆ ಹೊರಗೆ ಬಂತು" ಎಂದು ಬರೆದರೆ ತರಗತಿಯಲ್ಲಿ ಯಾವ ಸದ್ದು ತೊಂದರೆ ಕೊಟ್ಟೀತು ಎಂದು ಊಹಿಸಬಹುದು.

ಇಂದ್ರಿಯಗಳ ಕಡೆ ವಿಶೇಷ ಗಮನವಿರಲಿ. ವೈದ್ಯರು ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿ 2013ರಲ್ಲಿ ಬಂದಾಗ, ಇಂದ್ರಿಯಗಳ ಅತಿ ಪ್ರತಿಕ್ರಿಯೆ ಮತ್ತು ಕಡಿಮೆ ಪ್ರತಿಕ್ರಿಯೆ ಎರಡೂ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿದವು. ಪಂಚೇಂದ್ರಿಯಗಳಲ್ಲದೆ ಇನ್ನೂ ಮೂರನ್ನು ಗಮನಿಸಬೇಕು: ದೇಹದ ಸಮತೋಲನ ಮತ್ತು ಚಲನೆ; ಕೈಕಾಲು ಎಲ್ಲಿದೆ, ಎಷ್ಟು ಬಲ ಬೀಳುತ್ತಿದೆ ಎಂಬ ಅರಿವು; ಹಸಿವು, ನೋವು, ಮೂತ್ರದ ಒತ್ತಡದಂಥ ಒಳಗಿನ ಸಂಕೇತಗಳ ಅರಿವು. ಈ ಕೊನೆಯದು ಮಂದವಾಗಿರುವ ಮಗುವಿಗೆ "ಟಾಯ್ಲೆಟ್ ಬಂದರೆ ಹೇಳು" ಎಂದರೆ ಪ್ರಯೋಜನವಿಲ್ಲ. ಬಂದದ್ದು ತಿಳಿಯುವುದೇ ತೀರಾ ತಡವಾಗಿ. ಅಂಥ ಮಗುವಿಗೆ ಗಂಟೆ ನೋಡಿ ಕರೆದುಕೊಂಡು ಹೋಗುವ ವ್ಯವಸ್ಥೆ ಬೇಕು.

ಕೈ ಅಲ್ಲಾಡಿಸುವುದು, ತೂಗುವುದು, ಗುನುಗುವುದು ಇವನ್ನೆಲ್ಲ ಸ್ಟಿಮ್ಮಿಂಗ್ ಎನ್ನುತ್ತಾರೆ. ಮಗು ತನ್ನನ್ನು ತಾನು ಹತೋಟಿಯಲ್ಲಿ ಇಟ್ಟುಕೊಳ್ಳುವ ಬಗೆ ಅದು. ಯಾರಿಗೂ ಪೆಟ್ಟಾಗದಿದ್ದರೆ ತಡೆಯಬೇಡಿ, ಶಾಲೆಯವರಿಗೂ ತಡೆಯಬೇಡಿ ಎಂದೇ ಹೇಳಿ. ತಲೆ ಚಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು ಇದ್ದಕ್ಕಿದ್ದಂತೆ ಶುರುವಾದರೆ ಮೊದಲು ದೇಹದ ನೋವನ್ನು ಹುಡುಕಿ: ಹಲ್ಲು, ಕಿವಿ, ಮಲಬದ್ಧತೆ. ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ ಬಹಳ ಸಾಮಾನ್ಯ. ನೋವೆಂದು ಹೇಳಲಾಗದ ಮಗುವಿನ ನಡವಳಿಕೆಯನ್ನು "ಆಟಿಸಂ ಅಲ್ವಾ, ಹಾಗೇ" ಎಂದು ತಳ್ಳಿಹಾಕಿ ತಿಂಗಳುಗಟ್ಟಲೆ ನೋವು ಉಣ್ಣಿಸುವುದು ನಡೆದೇ ಇದೆ.

ಹಂತ 2: ಒಂದೇ ಪುಟದ ಪರಿಚಯ ಪತ್ರ

ಇಪ್ಪತ್ತು ಪುಟದ ರಿಪೋರ್ಟ್ ಕೊಟ್ಟರೆ ಅದು ಫೈಲ್ ಸೇರುತ್ತದೆ. ನಲವತ್ತು ಮಕ್ಕಳನ್ನು ನೋಡಿಕೊಳ್ಳುವ ಟೀಚರ್‌ಗೆ ಎರಡು ನಿಮಿಷದಲ್ಲಿ ಓದಿ ಮುಗಿಸುವಂಥದ್ದು ಬೇಕು. ಒಂದು ಪುಟ, ದೊಡ್ಡ ಅಕ್ಷರ, ಮೇಲೆ ಮಗು ಖುಷಿಯಾಗಿರುವ ಒಂದು ಫೋಟೊ. ಕೆಳಗೆ ಈ ಕ್ರಮದಲ್ಲಿ:

ಇಷ್ಟವಾದವು ಮತ್ತು ಚೆನ್ನಾಗಿ ಬರುವಂಥವು, ಮೂರು ಸಾಲು. ಇದನ್ನು ಮೊದಲೇ ಹಾಕಿ. ಟೀಚರ್ ಮಗುವಿನ ಜೊತೆ ಮಾತು ಶುರು ಮಾಡಲು ಬೇಕಾದ ಹಿಡಿ ಇಲ್ಲಿದೆ.

ಮಗು ಹೇಗೆ ಹೇಳುತ್ತದೆ: ಮಾತಿನಿಂದಲೋ, ಕೈ ಹಿಡಿದು ಎಳೆದೋ, ಚಿತ್ರ ತೋರಿಸಿಯೋ. ಕೇಳಿದ ಮಾತನ್ನೇ ತಿರುಗಿ ಹೇಳುವ ಮಗುವಾದರೆ (ಇದಕ್ಕೆ ಎಕೋಲಾಲಿಯಾ ಎನ್ನುತ್ತಾರೆ) ಆ ವಾಕ್ಯಗಳ ಅರ್ಥ ಬರೆಯಿರಿ. "'ಲೈಟ್ ಆಫ್ ಮಾಡ್ಲಾ?' ಎಂದರೆ ಸುಸ್ತಾಗಿದೆ ಎಂದರ್ಥ." ಇಂಥ ನಾಲ್ಕು ಸಾಲು ತಿಂಗಳ ಗೊಂದಲ ತಪ್ಪಿಸುತ್ತವೆ.

ಯಾವುದು ಕಷ್ಟ: ಹೆಚ್ಚೆಂದರೆ ನಾಲ್ಕು. ಪ್ರತಿಯೊಂದರ ಎದುರಿಗೆ ಏನು ಮಾಡಿದರೆ ಸುಲಭವಾಗುತ್ತದೆ ಎಂದು ಬರೆಯಿರಿ. ಪರಿಹಾರವಿಲ್ಲದ ಸಾಲು ದೂರಿನಂತೆ ಕಾಣುತ್ತದೆ.

ತಾಳ್ಮೆ ಮೀರುವ ಮುನ್ಸೂಚನೆಗಳು: ಕಿವಿ ಕೆಂಪಾಗುವುದು, ದನಿ ಏರುವುದು, ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು, ಅಥವಾ ಪೂರಾ ಮೌನ.

ಸುರಕ್ಷತೆ: ಅಲರ್ಜಿ, ಮೂರ್ಛೆ ರೋಗವಿದ್ದರೆ ಅದು, ಓಡಿಹೋಗುವ ಸ್ವಭಾವ, ನಿಮ್ಮ ಎರಡು ಫೋನ್ ನಂಬರ್.

ಇದರಲ್ಲಿ ಬೇಡದ್ದು "ಮೈಲ್ಡ್", "ಸಿವಿಯರ್" ಎಂಬ ಪಟ್ಟಿಗಳು. ಡಿಎಸ್‌ಎಂ-5ರ 1, 2, 3 ಎಂಬ ಮಟ್ಟಗಳು ಎಷ್ಟು ಬೆಂಬಲ ಬೇಕು ಎಂಬುದನ್ನು ಹೇಳುತ್ತವೆ, ಮಗುವಿನ ಬುದ್ಧಿಯನ್ನು ಅಳೆಯುವುದಿಲ್ಲ. "ಮೈಲ್ಡ್" ಎಂದು ಓದಿದವರು ನೆರವು ಕೊಡುವುದಿಲ್ಲ, "ಸಿವಿಯರ್" ಎಂದು ಓದಿದವರು ಪಾಠ ಕೊಡುವುದಿಲ್ಲ. ಜೊತೆಗೆ, ನಿನ್ನೆ ಮಾಡಿದ್ದನ್ನು ಇಂದು ಮಾಡಲಾಗದಿರುವುದು ಆಟಿಸಂನಲ್ಲಿ ಮಾಮೂಲು. ನಿದ್ದೆ, ಸದ್ದು, ಆತಂಕಗಳಿಗೆ ತಕ್ಕಂತೆ ಸಾಮರ್ಥ್ಯ ಏರಿಳಿಯುತ್ತದೆ. "ನಿನ್ನೆ ಮಾಡಿತ್ತಲ್ಲ, ಇವತ್ತು ಬೇಕಂತಲೇ ಮಾಡ್ತಿಲ್ಲ" ಎಂಬ ಮಾತು ಬರುವ ಮುಂಚೆಯೇ ಈ ಒಂದು ಸಾಲು ಪತ್ರದಲ್ಲಿರಲಿ.

ಪತ್ರ ಟೀಚರ್ ಕೈಲಿರಬೇಕು, ಗೋಡೆಯ ಮೇಲಲ್ಲ. ಟಾಯ್ಲೆಟ್ ತೊಂದರೆ, ಔಷಧಿಯ ವಿವರ ಬೇರೆ ಮಕ್ಕಳ ಕಣ್ಣಿಗೆ ಬೀಳಬಾರದು.

ಹಂತ 3: ತರಗತಿಯನ್ನು ನೀವೇ ಹೋಗಿ ನೋಡಿ

ಎರಡು ಸಲ ಹೋಗಬೇಕು. ಒಮ್ಮೆ ಖಾಲಿ ಇರುವಾಗ, ಒಮ್ಮೆ ಊಟದ ಬಿಡುವಿನಂಥ ಗದ್ದಲದ ಹೊತ್ತಿನಲ್ಲಿ. ಬರೀ ಖಾಲಿ ಕೊಠಡಿ ನೋಡಿ "ಚೆನ್ನಾಗಿದೆ" ಎಂದು ಬಂದವರು ಅಲ್ಲಿನ ಅಸಲಿ ತೊಂದರೆಯನ್ನು ನೋಡಿಯೇ ಇರುವುದಿಲ್ಲ.

ಬೆಲ್ ಎಲ್ಲಿದೆ, ತರಗತಿಯ ಬಾಗಿಲಿನಿಂದ ಎಷ್ಟು ದೂರ? ಫ್ಯಾನ್ ಕಿರುಗುಟ್ಟುತ್ತದೆಯೇ? ಟ್ಯೂಬ್‌ಲೈಟ್ ಮಿಣುಕುತ್ತಿದೆಯೇ? ಕಣ್ಣಿಗೆ ಕಾಣದ ಮಿಣುಕನ್ನು ಫೋನಿನ ಸ್ಲೋ ಮೋಷನ್ ವಿಡಿಯೊ ಹಿಡಿಯುತ್ತದೆ; ಪರದೆಯ ಮೇಲೆ ಬೆಳಕು ನಡುಗಿದರೆ ಅಥವಾ ಕಪ್ಪು ಪಟ್ಟೆ ಓಡಿದರೆ ಆ ದೀಪ ಮಿಣುಕುತ್ತಿದೆ. ಟಾಯ್ಲೆಟ್‌ನಲ್ಲಿ ಕೈ ಒಣಗಿಸುವ ಯಂತ್ರವಿದ್ದರೆ ಅದರ ಸದ್ದು ಕೇಳಿ. ಶಾಲೆಯಲ್ಲಿ ದಿನವಿಡೀ ಮೂತ್ರ ತಡೆದುಕೊಳ್ಳುವ ಮಕ್ಕಳಲ್ಲಿ ಕೆಲವರಿಗೆ ಭಯ ಆ ಯಂತ್ರದ್ದೇ.

ಕೂರುವ ಜಾಗ: ಬೆನ್ನಿಗೆ ಅಥವಾ ಒಂದು ಪಕ್ಕಕ್ಕೆ ಗೋಡೆ, ಬಾಗಿಲಿನಿಂದಲೂ ಫ್ಯಾನಿನಿಂದಲೂ ದೂರ, ಬೋರ್ಡ್ ಕಾಣುವಂತೆ, ಹೊರಗೆ ಹೋಗಬೇಕೆಂದರೆ ಯಾರನ್ನೂ ದಾಟಬೇಕಿಲ್ಲದಂತೆ. ಕೊನೆಯ ಬೆಂಚಿನ ಮೂಲೆಯಲ್ಲಿ ಒಂಟಿಯಾಗಿ ಕೂರಿಸುವುದಕ್ಕೆ ಒಪ್ಪಬೇಡಿ, ಅದು ತರಗತಿಯೊಳಗಿನ ಇನ್ನೊಂದು ಹೊರಗಿಡುವಿಕೆ. ಕುರ್ಚಿ ಎಳೆಯುವ ಕರಕರ ಸದ್ದಿಗೆ ಕಾಲುಗಳಿಗೆ ರಬ್ಬರ್ ಬುಶ್, ಇಲ್ಲವೇ ಹಳೆಯ ಟೆನಿಸ್ ಬಾಲ್ ಸೀಳಿ ಹಾಕಿದರೆ ಸಾಕು. ಇದರಿಂದ ಎಲ್ಲ ಮಕ್ಕಳಿಗೂ ಟೀಚರ್‌ಗೂ ಅನುಕೂಲ, ಹಾಗಾಗಿ ಈ ಕೋರಿಕೆ ಬೇಗ ಈಡೇರುತ್ತದೆ.

ಸದ್ದು ತಡೆಯುವ ಹೆಡ್‌ಫೋನ್ ಸಾಮಾನ್ಯವಾಗಿ 20ರಿಂದ 30 ಡೆಸಿಬಲ್‌ನಷ್ಟು ಸದ್ದು ಇಳಿಸುತ್ತದೆ. ಬೆಲ್, ಪ್ರಾರ್ಥನೆ, ಊಟದ ಹಾಲ್, ಡ್ರಿಲ್ ಇಂಥ ಹೊತ್ತಿಗೆ ಹಾಕಲಿ. ಇಡೀ ದಿನ ಹಾಕಿಕೊಂಡೇ ಇದ್ದರೆ ಮಾಮೂಲು ಸದ್ದೂ ಜೋರೆನಿಸಲು ಶುರುವಾಗಬಹುದು, ಪಾಠವೂ ಕೇಳಿಸುವುದಿಲ್ಲ.

ಗೇಟು, ಕಾಂಪೌಂಡ್, ಹತ್ತಿರದ ರಸ್ತೆ, ನೀರಿನ ತೊಟ್ಟಿ ಅಥವಾ ಕೆರೆಯನ್ನು ಕಣ್ಣಾರೆ ನೋಡಿ ಬನ್ನಿ. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ 4 ವರ್ಷ ದಾಟಿದ ಮೇಲೆ ಒಮ್ಮೆಯಾದರೂ ಸುರಕ್ಷಿತ ಜಾಗ ಬಿಟ್ಟು ಹೋಗಲು ಯತ್ನಿಸಿದ್ದರು. ಹೀಗೆ ಹೋದ ಮಕ್ಕಳಿಗೆ ನೀರೇ ದೊಡ್ಡ ಅಪಾಯ. ಮಗು ಕಾಣದಿದ್ದರೆ ಮೊದಲು ಹುಡುಕಬೇಕಾದದ್ದು ನೀರಿರುವ ಜಾಗ, ನಂತರ ರಸ್ತೆ, ಆಮೇಲೆ ಕೊಠಡಿಗಳು. ಈ ಕ್ರಮ ಗೇಟ್ ಕಾಯುವವರಿಗೂ ಆಯಾಗಳಿಗೂ ಗೊತ್ತಿರಬೇಕು. ಟೀಚರ್‌ಗೆ ಮಾತ್ರ ಹೇಳಿ ಬಂದರೆ ಪ್ರಯೋಜನವಿಲ್ಲ.

ಹಂತ 4: ಮೀಟಿಂಗ್

ಮುಖ್ಯೋಪಾಧ್ಯಾಯರು ಒಬ್ಬರೇ "ಆಯ್ತು, ಮಾಡೋಣ" ಎಂದರೆ ಅದು ತರಗತಿಗೆ ತಲುಪದೇ ಹೋಗಬಹುದು. ಕ್ಲಾಸ್ ಟೀಚರ್, ಸ್ಪೆಷಲ್ ಎಜುಕೇಟರ್ ಇದ್ದರೆ ಅವರು, ಆಯಾ ಎಲ್ಲರೂ ಕೂರುವ ಅರ್ಧ ಗಂಟೆ ಕೇಳಿ. ಐದಕ್ಕಿಂತ ಹೆಚ್ಚು ಕೋರಿಕೆ ಒಯ್ಯಬೇಡಿ. ಹದಿನೈದು ಒಯ್ದರೆ ಶಾಲೆಯೇ ತನಗೆ ಸುಲಭವಾದ ಮೂರನ್ನು ಆರಿಸಿಕೊಳ್ಳುತ್ತದೆ, ನಿಮಗೆ ಮುಖ್ಯವಾದದ್ದು ಬಿಟ್ಟುಹೋಗುತ್ತದೆ.

ಪ್ರತಿ ಕೋರಿಕೆಯಲ್ಲೂ ನಾಲ್ಕು ಅಂಶ ಇರಲಿ: ಏನು, ಯಾವಾಗ, ಯಾರು, ಆಯಿತೆಂದು ಹೇಗೆ ತಿಳಿಯುವುದು. "ಬರೆಯಲು ಒತ್ತಾಯ ಮಾಡಬೇಡಿ" ಎನ್ನುವ ಬದಲು "ಬೋರ್ಡಿನಿಂದ ನಕಲು ಮಾಡುವ ಕೆಲಸವಿದ್ದಾಗ ಮಿಸ್ ಪ್ರಿಂಟ್ ಕೊಡುತ್ತಾರೆ, ಮಗು ಖಾಲಿ ಜಾಗ ಮಾತ್ರ ತುಂಬುತ್ತದೆ, ಆ ಹಾಳೆ ವಾರಕ್ಕೊಮ್ಮೆ ಮನೆಗೆ ಬರುತ್ತದೆ." "ತಾಳ್ಮೆಯಿಂದ ಕೇಳಿ" ಎನ್ನುವ ಬದಲು "ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಅದೇ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಕೇಳಬೇಡಿ." ಪದ ಬದಲಾದರೆ ಮಗು ಮತ್ತೆ ಮೊದಲಿನಿಂದ ಅರ್ಥ ಮಾಡಿಕೊಳ್ಳಲು ಶುರು ಮಾಡಬೇಕಾಗುತ್ತದೆ.

ಅದೇ ದಿನ ಸಂಜೆ ಒಪ್ಪಿದ್ದನ್ನೆಲ್ಲ ಚಿಕ್ಕದಾಗಿ ಬರೆದು ಕಳಿಸಿ: "ಇಂದು ಮಾತಾಡಿದಂತೆ ಈ ಐದು... ತಪ್ಪಿದ್ದರೆ ತಿಳಿಸಿ. ಮುಂದಿನ ಭೇಟಿ ಇಂಥ ತಾರೀಕು." ನಾಲ್ಕರಿಂದ ಆರು ವಾರದೊಳಗಿನ ತಾರೀಕು ಇರಲಿ. ಬರಹದಲ್ಲಿ ಇಲ್ಲದ್ದು ಟೀಚರ್ ಬದಲಾದ ದಿನವೇ ಮರೆತುಹೋಗುತ್ತದೆ.

ಶಾಲೆಯ ಕಡೆಯಿಂದ ಬರುವ ಎರಡು ಷರತ್ತುಗಳ ಬಗ್ಗೆ ಎಚ್ಚರ. ಒಂದು, "ಸದ್ಯಕ್ಕೆ ಎರಡು ಗಂಟೆ ಕಳಿಸಿ." ಹೊಂದಿಕೊಳ್ಳಲು ಕಡಿಮೆ ಹೊತ್ತಿನಿಂದ ಶುರು ಮಾಡುವುದು ಕೆಲವು ಮಕ್ಕಳಿಗೆ ನಿಜಕ್ಕೂ ಒಳ್ಳೆಯದು. ಆದರೆ ಯಾವ ವಾರಕ್ಕೆ ಎಷ್ಟು ಹೊತ್ತು, ಪೂರ್ತಿ ದಿನ ಯಾವಾಗಿನಿಂದ ಎಂಬುದು ಬರಹದಲ್ಲಿರಲಿ. ಕೊನೆಯ ತಾರೀಕಿಲ್ಲದ "ಸದ್ಯಕ್ಕೆ" ವರ್ಷ ಪೂರ್ತಿ ನಡೆಯುತ್ತದೆ.

ಎರಡು, ಶಾಡೋ ಟೀಚರ್, ಅಂದರೆ ಮಗುವಿನ ಜೊತೆಗೇ ಇರುವ ಸಹಾಯಕರು. ಕೆಲವು ಮಕ್ಕಳಿಗೆ ಇವರಿಲ್ಲದೆ ಆಗದು. ಆದರೆ ದಿನವಿಡೀ ಅಂಟಿಕೊಂಡು ಕೂತ ದೊಡ್ಡವರೊಬ್ಬರಿದ್ದರೆ ಕ್ಲಾಸ್ ಟೀಚರ್ ಮಗುವಿನ ಜೊತೆ ಮಾತಾಡುವುದನ್ನೇ ಬಿಡುತ್ತಾರೆ, ಬೇರೆ ಮಕ್ಕಳೂ ಹತ್ತಿರ ಬರುವುದಿಲ್ಲ. ಸಹಾಯಕರು ಮಗುವಿನ ಪಕ್ಕಕ್ಕಲ್ಲ, ತುಸು ಹಿಂದೆ ಇರಲಿ. ಅಕ್ಕಪಕ್ಕದ ಮಕ್ಕಳಿಗೂ ನೆರವಾಗಲಿ. ಸೂಚನೆ ಮೊದಲು ಕ್ಲಾಸ್ ಟೀಚರ್ ಬಾಯಿಂದಲೇ ಬರಲಿ. ಯಾವ ಕೆಲಸದಲ್ಲಿ ಅವರು ಯಾವಾಗ ಹಿಂದೆ ಸರಿಯುತ್ತಾರೆ ಎಂಬ ಯೋಜನೆಯನ್ನು ಪ್ರತಿ ಭೇಟಿಯಲ್ಲೂ ಕೇಳಿ.

ಹಂತ 5: ದಿನದ ಚಿತ್ರಪಟ್ಟಿ ಮತ್ತು "ಬೇಡ" ಎನ್ನುವ ಕಾರ್ಡ್

ಮುಂದೇನು ಎಂದು ತಿಳಿಯದಿರುವುದೇ ಬಹಳ ಮಕ್ಕಳ ಆತಂಕದ ಮೂಲ. ಬಾಯಲ್ಲಿ ಹೇಳಿದ್ದು ಹೇಳುತ್ತಲೇ ಹೋಗಿಬಿಡುತ್ತದೆ, ಚಿತ್ರ ಉಳಿಯುತ್ತದೆ. ಅದಕ್ಕಾಗಿಯೇ ವಿಷುಯಲ್ ಶೆಡ್ಯೂಲ್, ಅಂದರೆ ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಜೋಡಿಸಿದ ಪಟ್ಟಿ.

ದಪ್ಪ ರಟ್ಟಿನಲ್ಲಿ ಐದಾರು ಸೆಂಟಿಮೀಟರ್ ಚೌಕದ ಕಾರ್ಡ್‌ಗಳನ್ನು ಕತ್ತರಿಸಿ. ಚಿತ್ರದ ಅರ್ಥ ಹಿಡಿಯದ ಮಗುವಿಗೆ ವಸ್ತುವನ್ನೇ ಇಡಿ: ಊಟಕ್ಕೆ ಚಮಚ, ಆಟಕ್ಕೆ ಚೆಂಡು. ಆಮೇಲೆ ಅದೇ ಶಾಲೆಯ ಫೋಟೊಗಳು, ನಂತರ ಗೆರೆಚಿತ್ರ, ನಂತರ ಬರೀ ಪದ. ಮೊದಲ ವಾರ ಮೂರೇ ಕಾರ್ಡ್, ಮೇಲಿನಿಂದ ಕೆಳಕ್ಕೆ. ಕೆಳಗೆ "ಮುಗೀತು" ಎಂಬ ಚೀಲ. ಮುಗಿದ ಕಾರ್ಡನ್ನು ಮಗುವೇ ಕಿತ್ತು ಚೀಲಕ್ಕೆ ಹಾಕಬೇಕು, ಟೀಚರ್ ಹಾಕಿದರೆ ಪಟ್ಟಿ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ. ಹಿಡಿತ ಬಂದಂತೆ ಕಾರ್ಡ್ ಹೆಚ್ಚಿಸಿ.

ಒಂದು "ಬದಲಾವಣೆ" ಕಾರ್ಡ್ ಮರೆಯದೆ ಮಾಡಿ. ಮಳೆಯಿಂದ ಆಟ ರದ್ದಾದಾಗ ಆಟದ ಕಾರ್ಡ್ ಮೇಲೆ ಅದನ್ನು ಅಂಟಿಸಿ ಪಕ್ಕದಲ್ಲಿ ಹೊಸ ಕಾರ್ಡ್ ಇಡಬೇಕು. ಇದನ್ನು ಮೊದಲು ಒಳ್ಳೆಯ ಬದಲಾವಣೆಗಳಿಂದ ರೂಢಿ ಮಾಡಿಸಿ: ಬರವಣಿಗೆ ಹೋಗಿ ಆಟ ಬರಲಿ. ಮೊದಲ ಸಲವೇ ಕೆಟ್ಟ ಸುದ್ದಿಗೆ ಬಳಸಿದರೆ ಮಗು ಆ ಕಾರ್ಡ್ ಕಂಡರೇ ಹೆದರುತ್ತದೆ.

ಇನ್ನು ಮಾತಿನ ವಿಷಯ. ಮಾತು ಬಾರದ, ಅಥವಾ ಒತ್ತಡದಲ್ಲಿ ಮಾತು ಕೈಕೊಡುವ ಮಗುವಿಗೆ ಚಿತ್ರದ ಪುಸ್ತಕ, ಟ್ಯಾಬ್ಲೆಟ್‌ನ ಮಾತಾಡುವ ಆ್ಯಪ್, ಸನ್ನೆಗಳು ಎಲ್ಲವೂ ದಾರಿಗಳೇ. ಇವನ್ನು ಒಟ್ಟಾಗಿ ಎಎಸಿ ಎನ್ನುತ್ತಾರೆ, ಅಂದರೆ ಮಾತಿಗೆ ಪೂರಕ ಅಥವಾ ಪರ್ಯಾಯವಾದ ಸಂವಹನ. "ಇದು ಕೊಟ್ಟರೆ ಮಾತೇ ಬರಲ್ಲ" ಎಂಬ ಭಯಕ್ಕೆ ಸಂಶೋಧನೆಯ ಆಧಾರವಿಲ್ಲ. ಹಿಂದಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2006ರ ಒಂದು ವಿಮರ್ಶೆ, ಎಎಸಿಯಿಂದ ಮಾತು ಕುಂದಿದ ಉದಾಹರಣೆ ಕಾಣಲಿಲ್ಲ, ಹಲವರಲ್ಲಿ ಮಾತು ಹೆಚ್ಚಿತು ಎಂದಿತ್ತು. ಕಾಯಬೇಡಿ.

ಎಎಸಿ ಸೋಲುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ದೊಡ್ಡವರು ಬಳಸಿ ತೋರಿಸುವುದಿಲ್ಲ; ನೀವೂ ಟೀಚರೂ ಮಾತಾಡುತ್ತಲೇ ಅದೇ ಚಿತ್ರಗಳನ್ನು ಮುಟ್ಟಿ ತೋರಿಸದಿದ್ದರೆ ಮಗು ಅದನ್ನು ಕಲಿಯುವುದಾದರೂ ಯಾರನ್ನು ನೋಡಿ? ಎರಡನೆಯದು, ಟ್ಯಾಬ್ಲೆಟ್ ಅನ್ನು ಶಿಕ್ಷೆಯೆಂದು ಕಿತ್ತುಕೊಳ್ಳುವುದು ಅಥವಾ ಬ್ಯಾಗಿನಲ್ಲಿಡುವುದು. ಅದು ಮಗುವಿನ ಬಾಯಿ, ಕೈಗೆ ಸಿಗುವಂತೆ ಇರಬೇಕು. ಮೂರನೆಯದು, ಅದರಲ್ಲಿ ಬರೀ "ಬೇಕು" ಇರುವುದು: ನೀರು ಬೇಕು, ಬಿಸ್ಕತ್ತು ಬೇಕು. "ಬೇಡ", "ನಿಲ್ಲಿಸಿ", "ನೋವು", "ಅರ್ಥ ಆಗಲಿಲ್ಲ", "ಬ್ರೇಕ್ ಬೇಕು" ಇವು ಮೊದಲ ದಿನದಿಂದಲೇ ಇರಲಿ. "ಬೇಡ" ಎನ್ನಲು ದಾರಿ ಇಲ್ಲದ ಮಗು ಕೈ ಬೀಸುತ್ತದೆ, ಇಲ್ಲವೇ ಓಡುತ್ತದೆ. ದೊಡ್ಡವರು ಯಾರಾದರೂ ಕೆಟ್ಟದಾಗಿ ಮುಟ್ಟಿದಾಗ ಬೇಡವೆಂದು ಹೇಳಲು ಬರಬೇಕಾದರೂ ಮಾಮೂಲು ದಿನಗಳಲ್ಲಿ ಆ "ಬೇಡ"ಕ್ಕೆ ಬೆಲೆ ಸಿಕ್ಕಿರಬೇಕು.

ಮಗುವಿನ ಕೈ ಅಥವಾ ತೋಳನ್ನು ಇನ್ನೊಬ್ಬರು ಹಿಡಿದುಕೊಂಡು ಅಕ್ಷರ ಒತ್ತಿಸುವ ವಿಧಾನವನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಪರೀಕ್ಷಿಸಿ ನೋಡಿದಾಗ ಆ ಮಾತುಗಳು ಕೈ ಹಿಡಿದವರವೇ ಎಂದು ಕಂಡುಬಂದಿದೆ.

ಬ್ರೇಕ್ ಕಾರ್ಡ್ ಬಗ್ಗೆ ಟೀಚರ್ ಜೊತೆ ಸ್ಪಷ್ಟವಾಗಿ ಮಾತಾಡಿ: ಮೊದಲ ಮೂರು ವಾರ ತೋರಿಸಿದಾಗಲೆಲ್ಲ ಬ್ರೇಕ್ ಸಿಗಬೇಕು, ಎಷ್ಟೇ ಸಲವಾದರೂ. ಐದು ನಿಮಿಷ, ಗೊತ್ತುಮಾಡಿದ ಜಾಗ, ಟೈಮರ್, ವಾಪಸ್. "ಈ ಲೆಕ್ಕ ಮುಗಿಸು, ಆಮೇಲೆ" ಎಂದು ಎರಡು ಸಲ ಹೇಳಿದರೆ ಕಾರ್ಡ್ ಕೆಲಸ ಮಾಡುವುದಿಲ್ಲ, ಕಿರುಚಿದರೆ ಮಾಡುತ್ತದೆ ಎಂದು ಮಗು ಕಲಿತುಬಿಡುತ್ತದೆ. ಕಾರ್ಡಿನ ಮೇಲೆ ನಂಬಿಕೆ ಕೂತ ಮೇಲೆ ದಿನಕ್ಕಿಷ್ಟು ಎಂದು ಮಿತಿ ಹಾಕಬಹುದು. ಮಿತಿ ಹಾಕುವ ಅಗತ್ಯವೇ ಬೀಳದಿರುವುದೂ ಉಂಟು.

ಹಂತ 6: ಮೆಲ್ಟ್‌ಡೌನ್ ಬಂದರೆ ಯಾರು ಏನು ಮಾಡಬೇಕು

ಮೆಲ್ಟ್‌ಡೌನ್ ಎಂದರೆ ತಡೆಯಲಾಗದಷ್ಟು ಸದ್ದು, ಬೆಳಕು, ಒತ್ತಡ, ಆತಂಕ ತುಂಬಿ ಹತೋಟಿ ತಪ್ಪುವುದು. ಬೇಕಾದ್ದು ಪಡೆಯಲು ಮಾಡುವ ರಚ್ಚೆ ಬೇರೆ. ಅದು ಬೇಕಾದ್ದು ಸಿಕ್ಕ ಕೂಡಲೇ ನಿಲ್ಲುತ್ತದೆ, ಯಾರೂ ನೋಡದಿದ್ದರೆ ತಣ್ಣಗಾಗುತ್ತದೆ. ಮೆಲ್ಟ್‌ಡೌನ್ ಹಾಗೆ ನಿಲ್ಲುವುದಿಲ್ಲ. ಬೈದರೂ ಆಮಿಷ ತೋರಿಸಿದರೂ ಹೆಚ್ಚಾಗುತ್ತದೆ, ಏಕೆಂದರೆ ಆಗ ಪ್ರತಿ ಮಾತೂ ಇನ್ನೊಂದು ಸದ್ದು.

ಈ ಐದು ಸಾಲು ಬರೆದು ಟೀಚರ್ ಮೇಜಿನ ಡ್ರಾಯರ್‌ನಲ್ಲಿ ಇಡಿಸಿ:

1. ಒಬ್ಬರು ಮಾತ್ರ ಹತ್ತಿರ ಇರಿ, ಕೂತುಕೊಳ್ಳಿ, ಮೇಲೆ ಬಾಗಬೇಡಿ.
2. ಬೇರೆ ಮಕ್ಕಳನ್ನು ಹೊರಗೆ ಕಳಿಸಿ, ಮಗುವನ್ನು ಎಳೆಯಬೇಡಿ.
3. ಮಾತು ಎರಡು ಮೂರು ಪದ: "ನಾನಿದ್ದೀನಿ." ಪ್ರಶ್ನೆ ಬೇಡ. "ಯಾಕೆ" ಅಂತೂ ಬೇಡವೇ ಬೇಡ.
4. ದೀಪ, ಫ್ಯಾನ್ ಆರಿಸಿ. ಪರಿಚಯ ಪತ್ರದಲ್ಲಿ ಬರೆದಿದ್ದರೆ ಮಾತ್ರ ಮಗುವನ್ನು ಮುಟ್ಟಿ.
5. ಮುಗಿದ ಮೇಲೆ ನೀರು, ಮೌನ, ಪರಿಚಿತ ವಸ್ತು. ಪಾಠ, ಬುದ್ಧಿಮಾತು, "ಸಾರಿ ಹೇಳು" ಆ ದಿನಕ್ಕೆ ಬೇಡ.

ಚೇತರಿಕೆಗೆ ಇಪ್ಪತ್ತು ನಿಮಿಷವೂ ಆಗಬಹುದು, ಇಡೀ ಮಧ್ಯಾಹ್ನವೂ ಆಗಬಹುದು. ಬೋರಲು ಮಲಗಿಸಿ ಒತ್ತಿ ಹಿಡಿಯುವುದನ್ನು, ಎದೆ-ಬೆನ್ನಿನ ಮೇಲೆ ಭಾರ ಹಾಕುವುದನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಉಸಿರು ಕಟ್ಟಿ ಸಾವುಗಳೇ ಆಗಿವೆ. ಕೋಣೆಯಲ್ಲಿ ಕೂಡಿ ಚಿಲಕ ಹಾಕುವುದೂ ಬೇಡ. ಶಾಂತ ಮೂಲೆ ಎಂದರೆ ಮಗು ತಾನಾಗಿ ಹೋಗಿ ಬರುವ ಜಾಗ. ಶಿಕ್ಷೆಗೂ ಅದೇ ಮೂಲೆಯನ್ನು ಬಳಸಿದರೆ ಮಗು ಮತ್ತೆ ಅತ್ತ ಹೋಗುವುದಿಲ್ಲ.

ಕೆಲವು ಮಕ್ಕಳು ಸಿಡಿಯುವುದಿಲ್ಲ, ಒಳಗೇ ಮುದುಡುತ್ತಾರೆ. ಇದು ಶಟ್‌ಡೌನ್. ಮಾತು ನಿಲ್ಲುತ್ತದೆ, ತಲೆ ಡೆಸ್ಕಿಗೆ ಬೀಳುತ್ತದೆ, ಕರೆದರೆ ಓಗೊಡುವುದಿಲ್ಲ. ತರಗತಿಯಲ್ಲಿ ಇದಕ್ಕೆ "ಇವತ್ತು ತುಂಬಾ ಒಳ್ಳೆಯ ಮಗು" ಎಂಬ ಹೊಗಳಿಕೆ ಸಿಗುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಕಣ್ಣಿಗೆ ಬೀಳದೆ ಹೋಗುವುದು ಇನ್ನೂ ಹೆಚ್ಚು. ಹಾಗೆಯೇ ದಿನವಿಡೀ ತನ್ನ ಸ್ವಭಾವವನ್ನು ಅದುಮಿಟ್ಟುಕೊಂಡ ಮಗು ಮನೆಯ ಬಾಗಿಲು ದಾಟುತ್ತಲೇ ಒಡೆಯುತ್ತದೆ. "ಶಾಲೆಯಲ್ಲಿ ಸರಿಯಾಗೇ ಇರುತ್ತೆ, ಮನೆಯಲ್ಲಿ ನೀವೇ ಸಡಿಲ ಬಿಟ್ಟಿದ್ದೀರಿ" ಎಂಬ ಮಾತು ಬಂದರೆ ತಲೆ ತಗ್ಗಿಸಬೇಡಿ. ಸಂಜೆಯ ದಾಖಲೆಯನ್ನು ಎರಡು ವಾರ ಬರೆದು ತೋರಿಸಿ, ಶಾಲೆಯ ದಿನದಲ್ಲಿ ಇನ್ನೊಂದು ಬ್ರೇಕ್ ಕೇಳಿ.

ಹಂತ 7: ಸಹಪಾಠಿಗಳು

ಮೊದಲ ಪ್ರಶ್ನೆ: ತರಗತಿಗೆ ಆಟಿಸಂ ಎಂಬ ಹೆಸರು ಹೇಳಬೇಕೇ? ಅದು ಮಗುವಿನದು ಮತ್ತು ನಿಮ್ಮದು, ಶಾಲೆಯದಲ್ಲ. ಹೇಳುವುದಾದರೆ ಮಗುವಿಗೆ ಮೊದಲು ಗೊತ್ತಿರಬೇಕು. ತನ್ನ ಬಗ್ಗೆ ಇಡೀ ತರಗತಿಗೆ ತಿಳಿದಿದ್ದು ತನಗೇ ತಿಳಿಯದಿರುವುದಕ್ಕಿಂತ ದೊಡ್ಡ ಅವಮಾನವಿಲ್ಲ.

ಹೆಸರು ಹೇಳದೆಯೂ ಟೀಚರ್ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಬಹುದು. ಮಕ್ಕಳು ಕೇಳುವ ಪ್ರಶ್ನೆಗಳು ಮೂರೇ: ಕೈ ಯಾಕೆ ಹಾಗೆ ಮಾಡುತ್ತೆ? ಯಾಕೆ ಮಾತಾಡಲ್ಲ? ಅವರಿಗೆ ಮಾತ್ರ ಹೆಡ್‌ಫೋನ್ ಯಾಕೆ? ನೇರ ಉತ್ತರ ಸಾಕು. "ಖುಷಿಯಾದಾಗ, ಗಾಬರಿಯಾದಾಗ ಕೈ ಹಾಗೆ ಆಡುತ್ತೆ. ಮಾತಿನ ಬದಲು ಚಿತ್ರ ತೋರಿಸುತ್ತೆ, ನೀವೂ ತೋರಿಸಿ. ಕನ್ನಡಕ ಬೇಕಾದವರು ಹಾಕಿಕೊಳ್ಳುವ ಹಾಗೆ ಹೆಡ್‌ಫೋನ್." "ಪಾಪ", "ದೇವರ ಮಗು", "ಸ್ಪೆಷಲ್" ಇವು ಬೇಡ. ಪಾಪ ಎನಿಸಿಕೊಂಡ ಮಗುವಿನ ಜೊತೆ ಯಾರೂ ಜಗಳವಾಡುವುದಿಲ್ಲ, ಆಟವನ್ನೂ ಆಡುವುದಿಲ್ಲ.

ಹೊಂದಿಕೆ ಎರಡೂ ಕಡೆಯ ಕೆಲಸ ಎನ್ನಲು ಒಳ್ಳೆಯ ಆಧಾರವಿದೆ. ತಾನೂ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ, ಆಟಿಸಂ ಇರುವವರಿಗೆ ಉಳಿದವರು ಅರ್ಥವಾಗದಿರುವಷ್ಟೇ ಉಳಿದವರಿಗೂ ಅವರು ಅರ್ಥವಾಗುವುದಿಲ್ಲ ಎಂದು ವಾದಿಸಿದರು. 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸಲಾಯಿತು. ಎಲ್ಲರೂ ಆಟಿಸಂ ಇರುವವರೇ ಆಗಿದ್ದ ಸಾಲಿನಲ್ಲಿ ಕಥೆ ಉಳಿದವರ ಸಾಲಿನಷ್ಟೇ ಚೆನ್ನಾಗಿ ದಾಟಿತು. ಹೆಚ್ಚು ವಿವರ ಕಳೆದುಹೋದದ್ದು ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ. "ಸೋಶಿಯಲ್ ಸ್ಕಿಲ್ಸ್" ತರಬೇತಿಗೆ ಒಂದೇ ಮಗುವನ್ನು ಕಳಿಸುವ ಮುಂಚೆ ಶಾಲೆಗೆ ಇದನ್ನು ನೆನಪಿಸಿ.

"ಹೋಗು, ಎಲ್ಲರ ಜೊತೆ ಆಡು" ಎಂದು ಮೈದಾನಕ್ಕೆ ಬಿಟ್ಟರೆ ಆಗುವುದಿಲ್ಲ. ನಿಯಮವಿಲ್ಲದ ಗದ್ದಲದ ಬಿಡುವೇ ಕಷ್ಟದ ಹೊತ್ತು. ವಾರಕ್ಕೆ ಎರಡು ದಿನ ಬಿಡುವಿನಲ್ಲಿ ಮಗುವಿಗೆ ಇಷ್ಟವಾದ ವಿಷಯದ ಸುತ್ತ (ರೈಲು, ಬ್ಲಾಕ್ಸ್, ಚಿತ್ರ) ಮೂರು ನಾಲ್ಕು ಮಕ್ಕಳ ಗುಂಪು ಮಾಡಿಸಿ, ಬರುವವರು ಇಷ್ಟಪಟ್ಟು ಬರಲಿ. ಒಬ್ಬ ಜಾಣ ಹುಡುಗಿಗೆ "ಇವನನ್ನು ನೋಡಿಕೋ" ಎಂದು ವರ್ಷವಿಡೀ ಗಂಟು ಹಾಕುವುದು ಇಬ್ಬರಿಗೂ ಅನ್ಯಾಯ.

ಕಾಟ ಕೊಡುತ್ತಿದ್ದರೆ ಮಗು ಹೇಳದೇ ಇರಬಹುದು. "ಯಾರಾದರೂ ಹೊಡೆದರಾ?" ಎಂದು ಕೇಳುವ ಬದಲು ಶಾಲೆಯ ನಕ್ಷೆ ಬರೆದು ಇಷ್ಟವಾದ ಜಾಗಕ್ಕೆ ಹಸಿರು, ಬೇಡದ ಜಾಗಕ್ಕೆ ಕೆಂಪು ಬಳಿಯಲು ಕೊಡಿ. ಹಸಿರಿದ್ದ ಜಾಗ ಒಮ್ಮೆಲೇ ಕೆಂಪಾದರೆ ಅಲ್ಲಿ ಏನಾಯಿತೆಂದು ವಿಚಾರಿಸಿ.

ಹಂತ 8: ಮೊದಲ ಆರು ವಾರ, ಮತ್ತು ಶಾಲೆ ಒಪ್ಪದಿದ್ದರೆ

ದಿನವೂ ಉದ್ದದ ಡೈರಿ ಬರೆಯಲು ಟೀಚರ್‌ಗೆ ಹೊತ್ತಿಲ್ಲ. ಮೂರು ಗುರುತು ಸಾಕು: ಊಟ ಆಯಿತೇ, ಟಾಯ್ಲೆಟ್‌ಗೆ ಹೋಯಿತೇ, ಬ್ರೇಕ್ ಎಷ್ಟು ಸಲ. ನೀವು ಮನೆಯಿಂದ ಒಂದು ಗುರುತು ಕಳಿಸಿ: ರಾತ್ರಿ ನಿದ್ದೆ ಹೇಗಿತ್ತು. ಏನೋ ಸರಿಯಾಗುತ್ತಿಲ್ಲ ಎನಿಸಿದರೆ ವಾರಕ್ಕೆ ಒಂದನ್ನೇ ಬದಲಿಸಿ. ಜಾಗ, ಕಾರ್ಡ್, ಸಹಾಯಕರು ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಕೋರಿಕೆಗೆ "ಆಗಲ್ಲ" ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ, ಸಭ್ಯವಾಗಿಯೇ. ಬರೆದುಕೊಡಬೇಕು ಎಂದಾಗ ಎಷ್ಟೋ "ಆಗಲ್ಲ"ಗಳು "ನೋಡೋಣ" ಆಗುತ್ತವೆ. ಅಲ್ಲೂ ಆಗದಿದ್ದರೆ ಆಡಳಿತ ಮಂಡಳಿ, ಆಮೇಲೆ ನಿಮ್ಮಲ್ಲಿ ಅಂಗವಿಕಲರ ಹಕ್ಕುಗಳನ್ನು ನೋಡಿಕೊಳ್ಳುವ ಅಧಿಕಾರಿ. ಜೊತೆಗೆ, ಎಲ್ಲ ಮಕ್ಕಳಿಗೂ ಬೇಕಾದದ್ದನ್ನು ಇತರ ಪೋಷಕರ ಜೊತೆ ಸೇರಿ ಕೇಳಿ: ದಿನದ ಪಟ್ಟಿ ಬೋರ್ಡ್ ಮೇಲೆ, ಮೆತ್ತನೆಯ ಬೆಲ್, ಸದ್ದಿಲ್ಲದ ಒಂದು ಕೋಣೆ. ಒಂದು ಮನೆಯ ಕೋರಿಕೆಯನ್ನು ಮುಂದೂಡುವಷ್ಟು ಸುಲಭವಾಗಿ ಇಪ್ಪತ್ತು ಮನೆಯವರದ್ದನ್ನು ಮುಂದೂಡಲಾಗದು. ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನಕ್ಕೆ ಶಾಲೆ ನೀಲಿ ಬಟ್ಟೆಯ ಕಾರ್ಯಕ್ರಮ ಇಟ್ಟುಕೊಂಡರೆ, ಆಟಿಸಂ ಇರುವ ವಯಸ್ಕರೊಬ್ಬರನ್ನು ಕರೆಸಿ ಶಿಕ್ಷಕರ ಜೊತೆ ಒಂದು ಗಂಟೆ ಮಾತಾಡಿಸಿ ಎಂದು ಸೂಚಿಸಿ.

ಈ ಓಡಾಟದಲ್ಲಿ "ಆಟಿಸಂ ಗುಣಪಡಿಸುತ್ತೇವೆ" ಎನ್ನುವವರೂ ಸಿಗುತ್ತಾರೆ. ದೇಹದಿಂದ ಲೋಹ ತೆಗೆಯುವ ಕೀಲೇಶನ್ ಚಿಕಿತ್ಸೆಯಿಂದ 2005ರಲ್ಲಿ ಒಂದು ಮಗು ಸತ್ತಿದೆ. ಔಷಧಿಯೆಂದು ಕೆಲವರು ಕೊಡುವ ಕ್ಲೋರಿನ್ ಡಯಾಕ್ಸೈಡ್ ಎಂಬುದು ಬಟ್ಟೆ, ಕಾಗದ ಬಿಳಿ ಮಾಡುವ ರಾಸಾಯನಿಕ, ಕುಡಿಸುವಂಥದ್ದಲ್ಲ. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಭಯ ಹುಟ್ಟಿಸಿದ 1998ರ ಪ್ರಬಂಧವನ್ನು ಅದನ್ನು ಪ್ರಕಟಿಸಿದ್ದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಜಾಗೃತಿ ಮೂಡಿಸಬೇಕೆಂದು ಮಗುವಿನ ಮೆಲ್ಟ್‌ಡೌನ್ ವಿಡಿಯೊ ಹಾಕಬೇಡಿ. ಹತ್ತು ವರ್ಷದ ನಂತರ ಅದನ್ನು ಮಗುವಿನ ಸಹಪಾಠಿಗಳೇ ನೋಡುತ್ತಾರೆ.

ವರ್ಷದ ಕೊನೆಯ ತಿಂಗಳಲ್ಲಿ ಪರಿಚಯ ಪತ್ರವನ್ನು ಮತ್ತೆ ತೆಗೆಯಿರಿ. ಅನ್ವಯಿಸದ ಸಾಲು ಹೊಡೆದುಹಾಕಿ, ಈ ವರ್ಷದ ಟೀಚರ್ ಕೈಯಿಂದಲೇ "ನನಗೆ ಉಪಯೋಗವಾದದ್ದು" ಎಂದು ಎರಡು ಸಾಲು ಬರೆಸಿಕೊಳ್ಳಿ. ನೀವು ಬರೆದ ಹತ್ತು ಸಾಲಿಗಿಂತ ಮುಂದಿನ ಟೀಚರ್ ಆ ಎರಡನ್ನು ಹೆಚ್ಚು ನಂಬುತ್ತಾರೆ. ಹೊಸ ಕೊಠಡಿ, ಹೊಸ ಟೀಚರ್, ಹೊಸ ಟಾಯ್ಲೆಟ್‌ಗೆ ಹೋಗುವ ದಾರಿ ಇವುಗಳ ಫೋಟೊ ತೆಗೆದು ರಜೆಯಲ್ಲಿ ವಾರಕ್ಕೆರಡು ಸಲ ತೋರಿಸಿ, ಶಾಲೆ ತೆರೆಯುವ ಹಿಂದಿನ ದಿನ ಖಾಲಿ ತರಗತಿಗೆ ಹತ್ತು ನಿಮಿಷ ಕರೆದುಕೊಂಡು ಹೋಗಲು ಈಗಲೇ ಅನುಮತಿ ಕೇಳಿಟ್ಟುಕೊಳ್ಳಿ.